ಚಳಿಗೆ ನೀರಿನ ಪೈಪ್ ಒಡೆಯದಂತೆ ನೋಡಿಕೊಳ್ಳುವುದು: ಅಮೆರಿಕದಲ್ಲಿ ಮನೆ ಮಾಡಿರುವ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಊರಲ್ಲಿ ನೀರಿನ ಚಿಂತೆ ಅಂದರೆ ಬೋರ್‌ವೆಲ್ ಬತ್ತುವುದು, ಮೋಟರ್ ಸುಟ್ಟುಹೋಗುವುದು, ಟ್ಯಾಂಕರ್‌ನವನು ಫೋನ್ ಎತ್ತದಿರುವುದು. ಪೈಪಿನೊಳಗಿನ ನೀರೇ ಗಡ್ಡೆಕಟ್ಟಿ ಪೈಪನ್ನು ಸೀಳುತ್ತದೆ ಎಂಬುದು ಬೀದರಿನ ಚಳಿಯಲ್ಲಿ ಬೆಳೆದವರ ತಲೆಗೂ ಹೊಳೆಯುವುದಿಲ್ಲ. ಹಾಗಾಗಿ ಇಲ್ಲಿಗೆ ಬಂದು ಮನೆ ಕೊಂಡ ಮೊದಲ ಒಂದೆರಡು ಚಳಿಗಾಲದಲ್ಲಿ ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರಗಳು ಮುಖ್ಯವಾಗಿ ಟೆಕ್ಸಸ್ ಮತ್ತು ದಕ್ಷಿಣದ ರಾಜ್ಯಗಳ ಮನೆಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ಉತ್ತರದ ಕಡೆಯವರಿಗೆ ಬೇಕಾದದ್ದು ಕೊನೆಯಲ್ಲಿದೆ.

ನೀರು ಗಡ್ಡೆಕಟ್ಟಿದರೆ ಪೈಪ್ ಯಾಕೆ ಒಡೆಯುತ್ತದೆ?

ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ಸುಮಾರು 9 ಶೇಕಡಾ ಹಿಗ್ಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಗಡ್ಡೆ ಹಿಗ್ಗಿತು, ಪೈಪನ್ನು ಒಳಗಿಂದ ಒತ್ತಿತು, ಪೈಪ್ ಸೀಳಿತು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಸಾಮಾನ್ಯವಾಗಿ ನಡೆಯುವುದು ಬೇರೆ. ಪೈಪಿನ ಒಂದು ಕಡೆ ಗಡ್ಡೆಕಟ್ಟಿ ದಾರಿ ಪೂರ್ತಿ ಮುಚ್ಚಿಹೋಗುತ್ತದೆ. ಆಮೇಲೂ ಗಡ್ಡೆ ಬೆಳೆಯುತ್ತಲೇ ಇರುತ್ತದೆ, ಬೆಳೆಯುತ್ತಾ ಮುಂದಿನ ನೀರನ್ನು ನಲ್ಲಿಯ ಕಡೆಗೆ ತಳ್ಳುತ್ತದೆ. ನಲ್ಲಿ ಮುಚ್ಚಿದೆ, ನೀರಿಗೆ ಹೋಗಲು ದಾರಿಯಿಲ್ಲ, ಒತ್ತಿ ಕುಗ್ಗಿಸೋಣವೆಂದರೆ ನೀರು ಕುಗ್ಗುವ ವಸ್ತುವಲ್ಲ. ಮನೆಯ ಪೈಪಿನಲ್ಲಿ ಮಾಮೂಲಾಗಿ 40ರಿಂದ 80 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಲೆಕ್ಕ) ಒತ್ತಡ ಇರುತ್ತದೆ. ಹೀಗೆ ಸಿಕ್ಕಿಬಿದ್ದ ನೀರಿನಲ್ಲಿ ಅದು ಸಾವಿರಾರು ಪಿಎಸ್‌ಐಗೆ ಏರುತ್ತದೆ. ಕೊನೆಗೆ ಗಡ್ಡೆಗೂ ನಲ್ಲಿಗೂ ನಡುವೆ ಎಲ್ಲಿ ಬಲ ಕಮ್ಮಿಯೋ ಅಲ್ಲಿ ಪೈಪ್ ಬಾಯಿಬಿಡುತ್ತದೆ. ಎಷ್ಟೋ ಸಲ ಆ ಜಾಗದಲ್ಲಿ ಗಡ್ಡೆಯೇ ಇರುವುದಿಲ್ಲ.

ಇದೊಂದು ತಿಳಿದರೆ ಉಳಿದ ಸಲಹೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ಗಡ್ಡೆಯಷ್ಟೇ ಮುಚ್ಚಿದ ನಲ್ಲಿಯೂ ಪೈಪಿಗೆ ಶತ್ರು.

ಎಷ್ಟು ಡಿಗ್ರಿಗೆ ಇಳಿದರೆ ಹೆದರಬೇಕು? 32 ಆದ ಕೂಡಲೇನಾ?

ಇಲ್ಲ. 32 ಡಿಗ್ರಿ ಫ್ಯಾರನ್‌ಹೀಟ್ (0 ಸೆಲ್ಸಿಯಸ್) ನೀರು ಗಡ್ಡೆಕಟ್ಟುವ ಮಟ್ಟ, ನಿಜ. ಆದರೆ ಗೋಡೆಯೊಳಗಿನ ಪೈಪಿಗೆ ಮನೆಯ ಕಾವು ತಾಗುತ್ತಿರುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದವರು ಅಟ್ಟದಲ್ಲಿ ಹೊದಿಕೆಯಿಲ್ಲದ ಪೈಪ್ ಇಟ್ಟು ಪರೀಕ್ಷೆ ಮಾಡಿ, ಹೊರಗಿನ ತಾಪಮಾನ 20 ಡಿಗ್ರಿಗೆ, ಅಂದರೆ ಸುಮಾರು ಮೈನಸ್ 7 ಸೆಲ್ಸಿಯಸ್‌ಗೆ ಇಳಿದಾಗ ಎಚ್ಚರಿಕೆಯ ಗಂಟೆ ಬಾರಿಸಬೇಕು ಎಂದು ಹೇಳಿದರು. ದಕ್ಷಿಣದ ಮನೆಗಳಿಗೆ ಈಗಲೂ ಇದೇ ಲೆಕ್ಕ. ಬಿರುಕಿನಿಂದ ಗಾಳಿ ನುಗ್ಗುವ ಜಾಗದಲ್ಲಿ ಅದಕ್ಕಿಂತ ಮೊದಲೇ ಗಡ್ಡೆಕಟ್ಟಬಹುದು. ಹೊರಗಿನ ನಲ್ಲಿಗಂತೂ 20ರವರೆಗೆ ಕಾಯಬೇಡಿ. ಗಂಟೆಗಳ ಲೆಕ್ಕವೂ ಇದೆ: ಬೆಳಗಿನ ಜಾವ ಒಂದು ಗಂಟೆ 25ಕ್ಕೆ ಇಳಿದು ಮೇಲೆ ಬರುವುದು ಒಂದು, ಎರಡು ದಿನ ಮೇಲೇಳದೆ ಅಲ್ಲೇ ಕೂರುವುದು ಇನ್ನೊಂದು.

ಟೆಕ್ಸಸ್ ಬಿಸಿಲಿನ ರಾಜ್ಯ ಅಲ್ಲವೇ? ಇಲ್ಲಿ ಇಷ್ಟು ತಲೆಕೆಡಿಸಿಕೊಳ್ಳಬೇಕಾ?

2021ರ ಫೆಬ್ರವರಿಯಲ್ಲಿ ಇಲ್ಲಿದ್ದವರನ್ನು ಕೇಳಿ. ಫೆಬ್ರವರಿ 16ರಂದು ಡಾಲಸ್-ಫೋರ್ಟ್‌ವರ್ತ್ ವಿಮಾನ ನಿಲ್ದಾಣದಲ್ಲಿ ಮೈನಸ್ 2 ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 19 ಸೆಲ್ಸಿಯಸ್ ದಾಖಲಾಯಿತು. 40 ಲಕ್ಷಕ್ಕೂ ಹೆಚ್ಚು ಮನೆ-ಅಂಗಡಿಗಳಿಗೆ ಕರೆಂಟ್ ಹೋಯಿತು, ಕೆಲವರಿಗೆ ದಿನಗಟ್ಟಲೆ. ಹೀಟರ್ ನಿಂತಿತು, ಮನೆ ತಣ್ಣಗಾಯಿತು, ಪೈಪುಗಳು ಒಡೆದವು. ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಸತ್ತವರು 246 ಮಂದಿ.

ಮಿನೆಸೋಟದಲ್ಲಿ ವರ್ಷವೂ ಬರುವ ಚಳಿಗೆ ಇಲ್ಲಿ ಯಾಕೆ ಇಷ್ಟು ಹಾನಿ ಎಂದರೆ ಮನೆ ಕಟ್ಟುವ ರೀತಿ. ಅಲ್ಲಿ ನೀರು ನೆಲದಾಳದಿಂದ ಬಂದು ಬೆಚ್ಚಗಿನ ಬೇಸ್‌ಮೆಂಟಿನಲ್ಲಿ ಮೇಲೇಳುತ್ತದೆ. ಇಲ್ಲಿ ಬೇಸ್‌ಮೆಂಟೇ ಇಲ್ಲ, ಕಾಂಕ್ರೀಟ್ ಸ್ಲ್ಯಾಬಿನ ಮೇಲೆ ಮನೆ, ಎಷ್ಟೋ ಮನೆಗಳಲ್ಲಿ ಪೈಪುಗಳು ಅಟ್ಟದ ಮೂಲಕ ಹಾಯುತ್ತವೆ. ಬೇಸಿಗೆಯ ಬಿಸಿಲಿಗೆ ಕಟ್ಟಿದ ಮನೆ ಇದು.

ನಮ್ಮ ಮನೆಯಲ್ಲಿ ಯಾವ ಪೈಪಿಗೆ ಅಪಾಯ ಅಂತ ಹೇಗೆ ಗೊತ್ತಾಗುವುದು?

ಟಾರ್ಚ್ ಹಿಡಿದು ಅಟ್ಟ ಹತ್ತಿ. ಎದುರಿಗೆ ನಸುಗೆಂಪೋ ಬಿಳಿಯೋ ಬಣ್ಣದ ಹತ್ತಿಯಂಥ ಇನ್ಸುಲೇಶನ್ ಹರಡಿರುತ್ತದೆ. ಪೈಪ್ ಅದರ ಕೆಳಗಿದೆಯೋ ಮೇಲಿದೆಯೋ ನೋಡಿ. ಕೆಳಗಿದ್ದರೆ ಮನೆಯ ಕಾವು ಮೇಲೆದ್ದು ಪೈಪಿಗೆ ತಾಗುತ್ತದೆ, ಮೇಲಿನ ಇನ್ಸುಲೇಶನ್ ಅದನ್ನು ಹಿಡಿದಿಡುತ್ತದೆ. ಮೇಲಿದ್ದರೆ ಅದೇ ಇನ್ಸುಲೇಶನ್ ಕಾವು ಪೈಪಿಗೆ ತಲುಪದಂತೆ ತಡೆಯುತ್ತದೆ. ಪೈಪ್ ಬಯಲಿನಲ್ಲಿ ಮಲಗಿದ ಹಾಗೆ ಆಯಿತು. ಹೀಗಿದ್ದರೆ ಪೈಪಿನ ಮೇಲಿಂದ ಎರಡೂ ಬದಿಗೆ ಇಳಿಯುವಂತೆ ಇನ್ಸುಲೇಶನ್ ಹೊದೆಸಿ, ಪೈಪಿಗೂ ಕೆಳಗಿನ ಸೀಲಿಂಗಿಗೂ ನಡುವೆ ಇರುವುದನ್ನು ಸರಿಸಿ. ಹತ್ತುವಾಗ ಕಾಲು ಮರದ ತೊಲೆಯ ಮೇಲೇ ಇರಲಿ, ನಡುವೆ ಇಟ್ಟರೆ ಕೆಳಗಿನ ಕೋಣೆಗೆ ಇಳಿಯುತ್ತೀರಿ.

ಉಳಿದಂತೆ ಹೊರಗೋಡೆಗೆ ಅಂಟಿದ ಅಡುಗೆಮನೆ ಸಿಂಕು, ಗ್ಯಾರೇಜಿನ ಪೈಪು, ಗ್ಯಾರೇಜಿನ ಮೇಲಿರುವ ಬಚ್ಚಲು ಇವನ್ನು ನೋಡಿ. ಕೇಬಲ್, ಗ್ಯಾಸ್ ಪೈಪ್, ಎಸಿ ಪೈಪ್ ಗೋಡೆ ತೂರಿ ಬರುವ ತೂತುಗಳ ಹತ್ತಿರ ಗಾಳಿ ಇರುವ ದಿನ ಅಂಗೈ ಹಿಡಿಯಿರಿ. ತಣ್ಣಗೆ ತಾಗಿದರೆ ಕೋಕ್ (caulk, ಬಿರುಕು ಮುಚ್ಚುವ ಅಂಟು) ಅಥವಾ ಸ್ಪ್ರೇ ಫೋಮ್ ತಂದು ಮುಚ್ಚಿ. ಬಂಡವಾಳ ಕೆಲವೇ ಡಾಲರ್.

ಪೈಪಿಗೆ ಫೋಮ್ ಸುತ್ತಿದರೆ ಸಾಕಲ್ಲವೇ?

ಸುತ್ತಲೇಬೇಕು. ಅಂಗಡಿಯಲ್ಲಿ ಉದ್ದಕ್ಕೆ ಸೀಳಿದ ಆರಡಿ ಫೋಮ್ ತುಂಡುಗಳು ಸಿಗುತ್ತವೆ, ಪೈಪಿನ ಅಳತೆ ನೋಡಿ ತನ್ನಿ. ಮೂಲೆ ತಿರುಗುವಲ್ಲಿ, ಎರಡು ತುಂಡು ಸೇರುವಲ್ಲಿ ಟೇಪ್ ಹಾಕಿ. ಬಿಟ್ಟ ಎರಡು ಇಂಚಿನಲ್ಲೇ ಗಡ್ಡೆ ಕಟ್ಟುವುದು.

ಆದರೆ ಸಾಕೇ ಎಂದರೆ, ಸಾಲದು. ಕಲ್ಲಿಗೆ ಕಂಬಳಿ ಹೊದೆಸಿದರೆ ಕಲ್ಲು ಬೆಚ್ಚಗಾಗುವುದಿಲ್ಲ. ಫೋಮ್ ಇದ್ದ ಕಾವು ಬೇಗ ಹೋಗದಂತೆ ತಡೆಯುತ್ತದೆ ಅಷ್ಟೆ, ತಾನಾಗಿ ಕಾವು ಕೊಡುವುದಿಲ್ಲ. ಒಂದು ರಾತ್ರಿಯ ಚಳಿಗೆ ಅದು ದೊಡ್ಡ ಸಹಾಯ. ಕರೆಂಟಿಲ್ಲದ ಮೂರು ದಿನಕ್ಕೆ ಏನೂ ಮಾಡದು.

ಹೊರಗಿನ ನಲ್ಲಿಗೆ ಏನು ಮಾಡಬೇಕು?

ಮೊದಲು ಹೋಸ್ ಪೈಪ್ ಬಿಚ್ಚಿ. ಇದನ್ನೇ ಜನ ಮರೆಯುವುದು. ಈಗಿನ ಮನೆಗಳಲ್ಲಿ ಹಾಕುವ ಚಳಿ ತಡೆಯುವ ನಲ್ಲಿಯಲ್ಲಿ ನೀರು ನಿಲ್ಲಿಸುವ ವಾಲ್ವ್ ಹಿಡಿಯ ಹತ್ತಿರ ಇರುವುದಿಲ್ಲ, ಗೋಡೆಯೊಳಗೆ ಅರ್ಧ ಅಡಿಯಿಂದ ಒಂದು ಅಡಿ ಆಚೆ ಬೆಚ್ಚಗಿನ ಕಡೆ ಇರುತ್ತದೆ. ನಲ್ಲಿ ಮುಚ್ಚಿದ ಮೇಲೆ ನಡುವಿನ ನೀರು ಇಳಿದುಹೋಗಬೇಕು. ಹೋಸ್ ಸಿಕ್ಕಿಸಿಯೇ ಬಿಟ್ಟರೆ ಆ ನೀರು ಇಳಿಯದೆ ಅಲ್ಲೇ ನಿಂತು ಗಡ್ಡೆಕಟ್ಟುತ್ತದೆ. ಸೀಳುವುದು ಗೋಡೆಯೊಳಗಿನ ಭಾಗ, ಗೊತ್ತಾಗುವುದು ಏಪ್ರಿಲ್‌ನಲ್ಲಿ ಗಿಡಕ್ಕೆ ನೀರು ಬಿಟ್ಟಾಗ.

ಹೋಸ್ ಬಿಚ್ಚಿ, ನಲ್ಲಿಯ ಮೇಲೆ ಥರ್ಮೋಕೋಲ್ ಟೋಪಿ ಹಾಕಿ. ಚಳಿಯ ಮುನ್ನೆಚ್ಚರಿಕೆ ಬಂದ ದಿನ ಈ ಟೋಪಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಅಕ್ಟೋಬರ್‌ನಲ್ಲೇ ತಂದಿಡಿ. ಸಿಗದಿದ್ದರೆ ಹಳೇ ಟವೆಲ್ ಸುತ್ತಿ, ನೆನೆಯದಂತೆ ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿ.

ಹುಲ್ಲಿಗೆ ಸ್ಪ್ರಿಂಕ್ಲರ್ ಇದ್ದರೆ ಅಂಗಳದ ಮೂಲೆಯಲ್ಲಿ ನೆಲದಿಂದ ಮೇಲೆದ್ದ ಹಿತ್ತಾಳೆಯ ಒಂದು ಸಾಧನ ಇರುತ್ತದೆ, ಬ್ಯಾಕ್‌ಫ್ಲೋ ಪ್ರಿವೆಂಟರ್ ಅಂತ. ಸ್ಪ್ರಿಂಕ್ಲರಿನ ನೀರು ಬಂದ್ ಮಾಡಿ, ಅದರೊಳಗಿನ ನೀರು ಇಳಿಸಿ, ದಪ್ಪ ಹೊದಿಕೆ ಹಾಕಿ.

ನಲ್ಲಿ ತೊಟ್ಟಿಕ್ಕಲು ಬಿಡಿ ಅನ್ನುತ್ತಾರೆ. ಯಾವ ನಲ್ಲಿ, ಎಷ್ಟು?

ಬೀದಿಯಿಂದ ನೀರು ಮನೆಯೊಳಗೆ ಬರುವ ಜಾಗಕ್ಕೆ ಅತಿ ದೂರದ ನಲ್ಲಿ, ಜೊತೆಗೆ ಹೊರಗೋಡೆಯ ಮೇಲಿರುವ ನಲ್ಲಿಗಳು. ಹನಿ ಬಿಡದೆ ಒಂದರ ಹಿಂದೊಂದು ಬೀಳುತ್ತಿದ್ದರೆ ಸಾಮಾನ್ಯ ಚಳಿಗೆ ಆಯಿತು. ಹತ್ತು ಡಿಗ್ರಿ ಫ್ಯಾರನ್‌ಹೀಟ್‌ನ ಸುತ್ತಮುತ್ತ ಇಳಿಯುವುದಾದರೆ ದಾರದಷ್ಟು ಸಣ್ಣಗೆ ಹರಿಯಲಿ. ಒಂದೇ ಹಿಡಿಯ ನಲ್ಲಿಯಾದರೆ ಹಿಡಿಯನ್ನು ನಡುವೆ ನಿಲ್ಲಿಸಿ, ಬಿಸಿನೀರಿನ ಪೈಪೂ ತಣ್ಣೀರಿನ ಪೈಪೂ ಎರಡೂ ತೆರೆದಿರಬೇಕು. ಬಿಸಿನೀರಿನ ಪೈಪಿಗೆ ಚಳಿಯ ಭಯವಿಲ್ಲ ಎಂದುಕೊಳ್ಳಬೇಡಿ, ರಾತ್ರಿಯಿಡೀ ಅಲುಗದೆ ನಿಂತ ಮೇಲೆ ಅದೂ ತಣ್ಣೀರೇ.

ಇಷ್ಟು ಸಣ್ಣ ಹರಿವು ಗಡ್ಡೆಕಟ್ಟುವುದನ್ನು ಪೂರ್ತಿ ತಡೆಯುತ್ತದೆ ಎಂಬ ಗ್ಯಾರಂಟಿ ಇಲ್ಲ. ಆದರೆ ನಲ್ಲಿ ತೆರೆದಿದ್ದರೆ ಗಡ್ಡೆ ತಳ್ಳುವ ನೀರಿಗೆ ಹೊರಬರಲು ದಾರಿ ಇರುತ್ತದೆ, ಒತ್ತಡ ಏರುವುದಿಲ್ಲ. ಹಾಗಾಗಿ ನಡುರಾತ್ರಿ ಹನಿ ನಿಂತುಹೋದರೂ ನಲ್ಲಿಯನ್ನು ಮುಚ್ಚಬೇಡಿ.

ಊರಿಂದ ಬಂದ ಅಮ್ಮ ರಾತ್ರಿ ಎದ್ದು ನಲ್ಲಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿ ಮಲಗುತ್ತಾರೆ. ಏನು ಮಾಡೋದು?

ಇದು ತಮಾಷೆಯ ಪ್ರಶ್ನೆಯಲ್ಲ, ಪ್ರತಿ ಚಳಿಗಾಲ ಯಾರಾದರೂ ಕೇಳುತ್ತಾರೆ. ಬಿಂದಿಗೆ ಲೆಕ್ಕದಲ್ಲಿ ನೀರು ಹಿಡಿದು ಸಂಸಾರ ಮಾಡಿದವರಿಗೆ ಹನಿ ಬೀಳುವ ಸದ್ದು ಕೇಳಿಸಿದರೆ ನಿದ್ದೆ ಬರುವುದಿಲ್ಲ. "ಮುಚ್ಚಬೇಡಿ ಅಮ್ಮ" ಅಂದರೆ ಸಾಲದು, ನಲ್ಲಿಯ ಕೆಳಗೆ ಪಾತ್ರೆ ಇಡಿ. ನೀರು ಪೋಲಾಗುತ್ತಿಲ್ಲ ಎಂದು ಕಣ್ಣಿಗೆ ಕಂಡರೆ ಸಮಾಧಾನ. ಬೆಳಿಗ್ಗೆ ಆ ನೀರು ಗಿಡಕ್ಕೋ ನೆಲ ಒರೆಸುವುದಕ್ಕೋ ಆಯಿತು. ಬಚ್ಚಲಿನ ನಲ್ಲಿಗೆ ಬಕೆಟ್ಟು, ಹಿಡಿಗೆ ಒಂದು ಚೀಟಿ.

ಸಿಂಕಿನ ಕೆಳಗಿನ ಬಾಗಿಲು ತೆರೆದಿಡುವುದು ಯಾಕೆ?

ಮನೆಯ ಬಿಸಿಗಾಳಿ ಪೈಪಿಗೆ ತಾಗಲಿ ಅಂತ. ಒಳಗೆ ತುಂಬಿಟ್ಟ ಡಬ್ಬಿ, ಚೀಲಗಳನ್ನು ಹೊರಗೆ ತೆಗೆಯಿರಿ, ಗಾಳಿಗೆ ಜಾಗ ಬೇಕು. ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಫಿನಾಯಿಲ್, ಡ್ರೈನ್ ಕ್ಲೀನರ್ ಬಾಟಲಿಗಳನ್ನು ಮೊದಲು ಎತ್ತರದಲ್ಲಿಡಿ. ಗ್ಯಾರೇಜಿನಲ್ಲಿ ಪೈಪಿದ್ದರೆ ದೊಡ್ಡ ಬಾಗಿಲು ಮುಚ್ಚಿಯೇ ಇರಲಿ.

ರಾತ್ರಿ ಹೀಟರ್ ಇಳಿಸಿದರೆ ಬಿಲ್ ಉಳಿಯುತ್ತದಲ್ಲ?

ಬೇರೆ ದಿನ ಇಳಿಸಿ. ಗಡ್ಡೆಕಟ್ಟುವಂಥ ಚಳಿಯ ರಾತ್ರಿ ಬೇಡ, ಹಗಲಿನಷ್ಟೇ ಇರಲಿ.

ಮೇನ್ ವಾಲ್ವ್ ಎಲ್ಲಿರುತ್ತದೆ?

ಈ ಪುಟದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ಪೈಪ್ ಒಡೆದಾಗ ಪ್ಲಂಬರ್ ಬರುವುದು ನಾಳೆಯೋ ನಾಡಿದ್ದೋ. ನೀರು ನಿಲ್ಲಿಸಬೇಕಾದವರು ನೀವು.

ಟೆಕ್ಸಸ್‌ನಲ್ಲಿ ಸಾಮಾನ್ಯವಾಗಿ ಬೀದಿಯ ಅಂಚಿನ ಹುಲ್ಲಿನಲ್ಲಿ ನೆಲಮಟ್ಟದಲ್ಲಿ ಮೀಟರ್ ಪೆಟ್ಟಿಗೆ ಇರುತ್ತದೆ. ಮುಚ್ಚಳ ಎತ್ತಿದರೆ ಮೀಟರು, ಪಕ್ಕದಲ್ಲಿ ವಾಲ್ವು. ಕೈಹಾಕುವ ಮುಂಚೆ ಟಾರ್ಚ್ ಬಿಡಿ, ಜೇಡ, ಇರುವೆಗಳಿಗೆ ಇಷ್ಟವಾದ ಜಾಗ ಅದು. ತಿರುಗಿಸಲು ಟಿ ಆಕಾರದ ಉದ್ದನೆಯ ಕೀಲಿ ಬೇಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕೆಲವು ಮನೆಗಳಲ್ಲಿ ಗ್ಯಾರೇಜಿನ ಗೋಡೆಯಲ್ಲೋ ಮುಂದಿನ ಗಿಡಗಳ ಸಾಲಿನಲ್ಲೋ ಮನೆಯದೇ ಇನ್ನೊಂದು ವಾಲ್ವ್ ಇರುತ್ತದೆ. ಹುಡುಕಿ, ಬಿಸಿಲಿರುವ ದಿನವೇ ಒಂದು ಸಲ ಮುಚ್ಚಿ ತೆರೆದು ನೋಡಿ. ವರ್ಷಗಟ್ಟಲೆ ಮುಟ್ಟದ ವಾಲ್ವ್ ತುಕ್ಕು ಹಿಡಿದು ಕೂತಿರುತ್ತದೆ. ಮನೆಯಲ್ಲಿರುವ ದೊಡ್ಡವರೆಲ್ಲರಿಗೂ ತೋರಿಸಿ, ಕೀಲಿ ಎಲ್ಲಿದೆ ಎಂದು ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಆ ದಿನ ಅವರೇ ಆಫೀಸಿನಲ್ಲಿರುತ್ತಾರೆ.

ಕರೆಂಟ್ ಹೋಗಿ ಹೀಟರ್ ನಿಂತರೆ?

ಒಂದೆರಡು ಗಂಟೆಯಾದರೆ ಕಿಟಕಿ ಬಾಗಿಲು ಮುಚ್ಚಿ, ನಲ್ಲಿ ತೊಟ್ಟಿಕ್ಕಲು ಬಿಟ್ಟು ಕಾಯಿರಿ. ಬರುವ ಸೂಚನೆಯೇ ಇಲ್ಲ, ಒಳಗಿನ ತಾಪಮಾನ 40 ಫ್ಯಾರನ್‌ಹೀಟ್‌ನ (ಸುಮಾರು 4 ಸೆಲ್ಸಿಯಸ್) ಕಡೆಗೆ ಜಾರುತ್ತಿದೆ ಅನ್ನುವಾಗ ಪೈಪುಗಳನ್ನು ಖಾಲಿ ಮಾಡುವುದೇ ಸರಿ. ಮೊದಲು ಕುಡಿಯಲು, ಅಡುಗೆಗೆ ನೀರು ಹಿಡಿದಿಡಿ, ಬಾತ್‌ಟಬ್ ತುಂಬಿಸಿ. ಆಮೇಲೆ ಮೇನ್ ವಾಲ್ವ್ ಮುಚ್ಚಿ. ವಾಟರ್ ಹೀಟರ್ ಆರಿಸಿ. ಮಹಡಿಯ ನಲ್ಲಿಗಳನ್ನೆಲ್ಲ ತೆರೆಯಿರಿ, ಗಾಳಿ ಒಳಗೆ ಹೋಗಬೇಕು. ಕೊನೆಗೆ ಮನೆಯಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ನಲ್ಲಿ, ಸಾಮಾನ್ಯವಾಗಿ ಹೊರಗಿನದು, ತೆರೆದು ನೀರು ಇಳಿಸಿ. ಟಾಯ್ಲೆಟ್‌ಗಳನ್ನು ಫ್ಲಶ್ ಮಾಡಿ. ಎಲ್ಲ ನಲ್ಲಿ ತೆರೆದೇ ಇರಲಿ.

2021ರಲ್ಲಿ ಇನ್ನೊಂದು ಪಾಠವೂ ಆಯಿತು. ಊರೆಲ್ಲ ನಲ್ಲಿ ಬಿಟ್ಟು, ಒಡೆದ ಪೈಪುಗಳಿಂದಲೂ ನೀರು ಹರಿದು, ನಗರದ ನೀರಿನ ಒತ್ತಡವೇ ಬಿದ್ದುಹೋಯಿತು. ಆಸ್ಪತ್ರೆಗಳಿಗೆ, ಬೆಂಕಿ ಆರಿಸುವುದಕ್ಕೆ ನೀರು ಬೇಕು, ದಯವಿಟ್ಟು ನಲ್ಲಿ ಬಿಡಬೇಡಿ ಎಂದು ಹ್ಯೂಸ್ಟನ್ ನಗರಾಡಳಿತ ಜನರನ್ನು ಕೇಳಿಕೊಂಡಿತು. ಹಾಗೇನಾದರೂ ಹೇಳಿದರೆ ಮಾಡಬೇಕಾದ್ದೂ ಇದೇ: ವಾಲ್ವ್ ಮುಚ್ಚಿ ಪೈಪ್ ಖಾಲಿ ಮಾಡುವುದು.

ಅಗ್ಗಿಷ್ಟಿಕೆಯನ್ನು, ಬಾರ್ಬೆಕ್ಯೂ ಗ್ರಿಲ್ಲನ್ನು ಒಳಗೆ ತಂದು ಇದ್ದಿಲು ಹಚ್ಚಬೇಡಿ. ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಬೆಚ್ಚಗೆ ಕೂರಬೇಡಿ, ಬಾಗಿಲು ತೆರೆದಿದ್ದರೂ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಆ ವಾರ ಅದರಿಂದಲೂ ಜನ ಸತ್ತರು.

ಡಿಸೆಂಬರ್‌ನಲ್ಲಿ ಊರಿಗೆ ಹೋಗುತ್ತೇವೆ. ನಾಲ್ಕು ವಾರ ಮನೆ ಖಾಲಿ.

ಮಕ್ಕಳ ರಜೆ, ಮದುವೆ ಸೀಸನ್ನು, ಎಲ್ಲರೂ ಹೊರಡುವುದು ಆಗಲೇ. ಖಾಲಿ ಮನೆಯಲ್ಲಿ ಪೈಪ್ ಒಡೆದರೆ ನೀರು ನಿಲ್ಲಿಸುವವರು ಯಾರೂ ಇಲ್ಲ, ನೀವು ಬರುವ ಹೊತ್ತಿಗೆ ಸೀಲಿಂಗ್ ಕಾರ್ಪೆಟ್ ಮೇಲಿರುತ್ತದೆ.

ಹೊರಡುವ ದಿನ ಮೇನ್ ವಾಲ್ವ್ ಮುಚ್ಚಿ, ಮೇಲೆ ಹೇಳಿದಂತೆ ಪೈಪ್ ಖಾಲಿ ಮಾಡಿ. ಮನೆ ಕಾಯಿಸುವ ಹೀಟರನ್ನು ಮಾತ್ರ ಆರಿಸಬೇಡಿ, ಥರ್ಮೋಸ್ಟಾಟ್ 55ಕ್ಕಿಂತ (ಸುಮಾರು 13 ಸೆಲ್ಸಿಯಸ್) ಕೆಳಗೆ ಬೇಡ. ಬಿಸಿನೀರು ಹರಿದು ಮನೆ ಕಾಯಿಸುವ ಬಾಯ್ಲರ್ ಇದ್ದರೆ, ಅಥವಾ ಸೀಲಿಂಗಿನಲ್ಲಿ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಇದ್ದರೆ, ಗೊತ್ತಿದ್ದವರನ್ನು ಕೇಳದೆ ನೀರು ಬಂದ್ ಮಾಡಬೇಡಿ. ಸ್ನೇಹಿತರೊಬ್ಬರಿಗೆ ಕೀಲಿ ಕೊಟ್ಟು ಎರಡು ಮೂರು ದಿನಕ್ಕೊಮ್ಮೆ ಒಳಗೆ ಸುತ್ತಿ ಬರಲು ಹೇಳಿ. ಬರುವಾಗ ಅವರಿಗೆ ಚಿರೋಟಿ ತಂದರಾಯಿತು. ಫೋನಿಗೆ ಸುದ್ದಿ ಕಳಿಸುವ ಥರ್ಮೋಸ್ಟಾಟ್ ಒಳ್ಳೆಯದೇ, ಆದರೆ ಕರೆಂಟ್ ಹೋದರೆ ವೈ-ಫೈ ಕೂಡ ಹೋಗುತ್ತದೆ.

ಬೆಳಿಗ್ಗೆ ಎದ್ದರೆ ನಲ್ಲಿಯಲ್ಲಿ ನೀರಿಲ್ಲ. ಈಗೇನು?

ಪಕ್ಕದ ಮನೆಯವರಿಗೆ ನೀರು ಬರುತ್ತಿದೆಯಾ ಕೇಳಿ. ಬರುತ್ತಿದ್ದರೆ ನಿಮ್ಮಲ್ಲಿ ಗಡ್ಡೆಕಟ್ಟಿದೆ. ಒಂದೇ ನಲ್ಲಿಗೆ ಬರುತ್ತಿಲ್ಲವಾದರೆ ಆ ನಲ್ಲಿಯ ದಾರಿಯಲ್ಲಿ ಹುಡುಕಿ: ಪೈಪಿನ ಮೇಲೆ ಬಿಳಿ ಹಿಮ, ಅಥವಾ ಮುಟ್ಟಿದರೆ ಕೈ ಕೊರೆಯುವ ಒಂದು ಜಾಗ.

ನಲ್ಲಿ ತೆರೆದಿಟ್ಟುಕೊಂಡೇ ಕಾಯಿಸಬೇಕು. ನಲ್ಲಿಯ ಕಡೆಯಿಂದ ಶುರುಮಾಡಿ ಗಡ್ಡೆಯ ಕಡೆಗೆ ಹೋಗಿ, ಕರಗಿದ ನೀರು ಹೊರಬರಲು ದಾರಿಯಿರುತ್ತದೆ. ಹೇರ್ ಡ್ರೈಯರ್, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್, ಸೊಂಟನೋವಿಗೆ ಇಟ್ಟುಕೊಳ್ಳುವ ಹೀಟಿಂಗ್ ಪ್ಯಾಡ್, ಇಷ್ಟು ಸಾಕು. ನೆಲದಲ್ಲಿ ನೀರು ನಿಂತಿದ್ದರೆ ಕರೆಂಟಿನ ಯಾವ ವಸ್ತುವೂ ಬೇಡ. ಬ್ಲೋಟಾರ್ಚ್, ಮೇಣದಬತ್ತಿ, ಸೀಮೆಎಣ್ಣೆ ಯಾವುದೂ ಹತ್ತಿರ ಬರಬಾರದು. ಇಲ್ಲಿಯ ಮನೆಗಳ ಗೋಡೆಯೊಳಗೆ ಇರುವುದು ಒಣ ಮರ.

ಪೈಪ್ ಆಗಲೇ ಸೀಳಿರಬಹುದು, ಆದರೆ ಗಡ್ಡೆ ಇರುವವರೆಗೂ ಗಡ್ಡೆಯೇ ಬಿರಡೆ. ಸೋರುವುದು ಕರಗಿದ ಮೇಲೆ. 2021ರಲ್ಲೂ ಬಹಳ ಮನೆಗಳಲ್ಲಿ ನೀರು ನುಗ್ಗಿದ್ದು ಚಳಿ ಬಿಟ್ಟ ಮೇಲೆ. ಹಾಗಾಗಿ ಕಾಯಿಸುವಾಗ ಇನ್ನೊಬ್ಬರು ಮೇನ್ ವಾಲ್ವ್ ಹತ್ತಿರ ನಿಂತಿರಲಿ. ಗಡ್ಡೆ ಗೋಡೆಯೊಳಗಿದ್ದರೆ ಮನೆ ಬೆಚ್ಚಗೆ ಮಾಡಿ ಕಾಯಿರಿ, ಇಲ್ಲವೇ ಪ್ಲಂಬರ್ ಕರೆಸಿ.

ಒಡೆದೇ ಹೋಯಿತು!

ಮೇನ್ ವಾಲ್ವ್ ಮುಚ್ಚಿ. ಒದ್ದೆಯಾದ ಕೋಣೆಯ ಬ್ರೇಕರ್ ಇಳಿಸಿ, ಆದರೆ ಪ್ಯಾನಲ್ ತಲುಪಲು ನೀರಿನಲ್ಲಿ ನಡೆಯಬೇಕಾದರೆ ಹೋಗಬೇಡಿ. ವಾಟರ್ ಹೀಟರ್ ಆರಿಸಿ. ನಲ್ಲಿಗಳನ್ನು ತೆರೆದು ಉಳಿದ ನೀರು ಇಳಿಸಿ. ಸೀಲಿಂಗ್ ಹೊಟ್ಟೆ ಬಿಟ್ಟು ಜೋತಾಡುತ್ತಿದ್ದರೆ ಅದರ ಕೆಳಗೆ ನಿಲ್ಲಬೇಡಿ. ಎಲ್ಲದರ ಫೋಟೊ, ವೀಡಿಯೊ ತೆಗೆದು ಆಮೇಲೆ ಒರೆಸಲು ಶುರುಮಾಡಿ. 24ರಿಂದ 48 ಗಂಟೆಯೊಳಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಒಡೆದ ಪೈಪಿನ ತುಂಡನ್ನು ಪ್ಲಂಬರ್ ಎಸೆಯಲು ಬಿಡಬೇಡಿ, ಇನ್ಶೂರೆನ್ಸಿನವರು ಕೇಳಬಹುದು.

ಇನ್ಶೂರೆನ್ಸ್ ಕೊಡುತ್ತದಾ?

ಮನೆಯ ಮಾಮೂಲಿ ಪಾಲಿಸಿಗಳು ಪೈಪ್ ಹಠಾತ್ತಾಗಿ ಒಡೆದು ಆದ ಹಾನಿಗೆ ಸಾಮಾನ್ಯವಾಗಿ ಕೊಡುತ್ತವೆ. ಸಣ್ಣಗೆ ಅಚ್ಚಾದ ಒಂದು ಷರತ್ತಿರುತ್ತದೆ: ಮನೆ ಬೆಚ್ಚಗಿಡಲು, ಇಲ್ಲವೇ ನೀರು ನಿಲ್ಲಿಸಿ ಪೈಪ್ ಖಾಲಿ ಮಾಡಲು ನೀವು ತಕ್ಕ ಎಚ್ಚರ ವಹಿಸಿರಬೇಕು. ಹೀಟರ್ ಆರಿಸಿ ಬೆಂಗಳೂರಿಗೆ ಹೋಗಿದ್ದರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಅದೇ ಸಾಕು. ಹೊರಡುವ ದಿನ ಥರ್ಮೋಸ್ಟಾಟಿನ ಮತ್ತು ಮುಚ್ಚಿದ ವಾಲ್ವಿನ ಫೋಟೊ ತೆಗೆದಿಡಿ.

ಬಾಡಿಗೆಯವರಿಗೆ: ಗೋಡೆ, ಪೈಪು ಮಾಲೀಕರದು. ನಿಮ್ಮ ಸೋಫಾ, ಲ್ಯಾಪ್‌ಟಾಪು, ರೇಷ್ಮೆ ಸೀರೆಗಳಿಗೆ ರೆಂಟರ್ಸ್ ಇನ್ಶೂರೆನ್ಸ್ ನೀವೇ ಮಾಡಿಸಬೇಕು. ಮೇಲಿನ ಮನೆಯವರ ಪೈಪ್ ಒಡೆದರೆ ನೆನೆಯುವುದು ನೀವು.

ನಮ್ಮದು ಹೊಸ ಮನೆ, ಪೆಕ್ಸ್ ಪೈಪ್. ಒಡೆಯುವುದಿಲ್ಲ ಅಂತ ಬಿಲ್ಡರ್ ಹೇಳಿದ.

ಕೆಂಪು-ನೀಲಿ ಪ್ಲಾಸ್ಟಿಕ್ ಪೈಪ್ ತಾನೇ? ತಾಮ್ರಕ್ಕಿಂತ ಬಹಳ ತಾಳುತ್ತದೆ, ಹಿಗ್ಗಿ ಮತ್ತೆ ಕುಗ್ಗುತ್ತದೆ. ಆದರೆ ಅದರ ಜೋಡಣೆಗಳು, ವಾಲ್ವುಗಳು, ಹೊರಗಿನ ನಲ್ಲಿ ಹಿಗ್ಗುವಂಥವಲ್ಲ. ಒಡೆಯುವುದಾದರೆ ಅಲ್ಲಿ. ಹೊರಗೋಡೆಗೆ ಹಾಕಿದ ಟ್ಯಾಂಕಿಲ್ಲದ ವಾಟರ್ ಹೀಟರ್ ಇದ್ದರೆ ಅದನ್ನೂ ನೋಡಿ. ಚಳಿಯಿಂದ ತನ್ನನ್ನು ಕಾಪಾಡಿಕೊಳ್ಳುವ ವ್ಯವಸ್ಥೆ ಅದರೊಳಗಿರುತ್ತದೆ, ನಡೆಯುವುದು ಕರೆಂಟಿನಿಂದ. ಕರೆಂಟ್ ಹೋದರೆ ಅದರ ನೀರನ್ನೂ ಇಳಿಸಬೇಕು.

ಪೈಪಿಗೆ ಸುತ್ತುವ ಹೀಟ್ ಕೇಬಲ್ ಹಾಕಿಸಬಹುದಾ?

ಒಂದೇ ಪೈಪ್ ಪದೇ ಪದೇ ಗಡ್ಡೆಕಟ್ಟುತ್ತಿದ್ದರೆ ಹಾಕಿಸಿ. ಚಳಿಗೆ ತಕ್ಕಂತೆ ತಾನೇ ಕಾವು ಹೆಚ್ಚುಕಡಿಮೆ ಮಾಡಿಕೊಳ್ಳುವಂಥದ್ದು, ಯುಎಲ್ ಗುರುತಿರುವುದು (ಸುರಕ್ಷತೆಯ ಪರೀಕ್ಷೆ ಆಗಿದೆ ಎಂಬ ಗುರುತು) ಕೊಳ್ಳಿ. ಕೇಬಲಿನ ಮೇಲೆ ಕೇಬಲ್ ಬರುವಂತೆ ಸುತ್ತಬಾರದು, ಅಲ್ಲಿ ಸುಡುತ್ತದೆ. ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಜಿಎಫ್‌ಸಿಐ ಪ್ಲಗ್ಗಿಗೇ ಹಾಕಿ.

ನಾವಿರುವುದು ಮಿನೆಸೋಟದಲ್ಲಿ / ಟೊರಾಂಟೋದಲ್ಲಿ. ನಮಗೆ ಇದೆಲ್ಲ ಬೇಕಾ?

ಅರ್ಧ ಬೇಡ. ನಿಮ್ಮ ಮನೆ ಚಳಿಗೇ ಕಟ್ಟಿದ್ದು. ಮಿನೆಸೋಟದಲ್ಲಿ ಅಡಿಪಾಯವನ್ನು ದಕ್ಷಿಣ ಭಾಗದಲ್ಲಿ 42 ಇಂಚು, ಉತ್ತರ ಭಾಗದಲ್ಲಿ 60 ಇಂಚು ಆಳಕ್ಕೆ ಇಳಿಸಬೇಕೆಂದು ನಿಯಮವೇ ಇದೆ. ಹಿಮದ ಕೊರೆತ ಅಷ್ಟು ಆಳಕ್ಕೆ ಹೋಗುತ್ತದೆ, ನೀರಿನ ಪೈಪುಗಳನ್ನೂ ಆ ಮಟ್ಟ ದಾಟಿಸಿ ಹೂಳುತ್ತಾರೆ. ಹೋಸ್ ಬಿಚ್ಚುವುದು, ಸ್ಪ್ರಿಂಕ್ಲರ್ ಪೈಪುಗಳಿಗೆ ಕಂಪ್ರೆಸರ್‌ನಿಂದ ಗಾಳಿ ಊದಿಸಿ ಖಾಲಿ ಮಾಡಿಸುವುದು, ಗ್ಯಾರೇಜು, ಊರಿಗೆ ಹೋಗುವಾಗಿನ ತಯಾರಿ, ಇವು ನಿಮಗೂ ಬೇಕು.

ನಿಮ್ಮಲ್ಲಿ ಇನ್ನೊಂದು ವಿಚಿತ್ರವಿದೆ. ಗಾಳಿ ಬೆಚ್ಚಗಾದ ಮೇಲೂ ನೆಲದೊಳಗೆ ಕೊರೆತ ಕೆಲಕಾಲ ಕೆಳಗಿಳಿಯುತ್ತಲೇ ಇರುತ್ತದೆ. ಬೀದಿಯಿಂದ ಮನೆಗೆ ಬರುವ ಪೈಪ್ ಮಾರ್ಚಿನಲ್ಲಿ ಗಡ್ಡೆಕಟ್ಟುವುದು ಹೀಗೆ. 2014ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಕಟ್ಟಡಗಳಿಗೆ ಹೀಗಾಗಿ ನೀರು ನಿಂತಿತ್ತು. ಮಾರ್ಚಿನಲ್ಲಿ ತಣ್ಣೀರಿನ ನಲ್ಲಿ ಬಿಟ್ಟು ಒಂದು ಥರ್ಮಾಮೀಟರ್ ಹಿಡಿದು ನೋಡಿ. 40 ಫ್ಯಾರನ್‌ಹೀಟ್‌ಗಿಂತ (ಸುಮಾರು 4 ಸೆಲ್ಸಿಯಸ್) ಕೆಳಗಿಳಿಯುತ್ತಾ ಬಂದರೆ ನಗರದ ನೀರು ಇಲಾಖೆಗೆ ಫೋನ್ ಮಾಡಿ ಕೇಳಿ. ಒಂದು ನಲ್ಲಿಯನ್ನು ಹಗಲೂ ರಾತ್ರಿ ಸಣ್ಣಗೆ ಹರಿಯಲು ಬಿಡಿ ಎಂದು ಅವರೇ ಹೇಳಬಹುದು.